'ಉಳಿಸಲಾಗಿದೆ' ಎಂಬ ಮಾತು

ನಮ್ಮ ಮನೆಗಳಲ್ಲಿ ಹೆಂಗಸರ ಪಾಲಿಗೆ ಬರುವ ಕೆಲಸಗಳಲ್ಲಿ ಬಹುಪಾಲು ಇಟ್ಟುಕೊಳ್ಳುವ ಕೆಲಸವೇ. ಬೀಗದ ಕೈ, ಹಾಲಿನ ಲೆಕ್ಕ, ಮಕ್ಕಳ ಜನನ ಪತ್ರ, ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೊಟ್ಟುಹೋದ ಒಡವೆಯ ಗಂಟು, ಎಲ್ಲವನ್ನೂ 'ಸ್ವಲ್ಪ ಇಟ್ಟಿರಿ' ಎಂದು ನಮ್ಮ ಕೈಗೆ ಹಾಕುತ್ತಾರೆ. ನಾವು 'ಆಯಿತು, ಇಟ್ಟಿದ್ದೇನೆ' ಎನ್ನುತ್ತೇವೆ. ಕೊಟ್ಟವರು ನಿಶ್ಚಿಂತೆಯಿಂದ ಹೋಗುತ್ತಾರೆ. ಬೀರುವಿನ ಬಾಗಿಲು ತೆಗೆದು ನೋಡುವುದಿಲ್ಲ. ನೋಡುವುದಿಲ್ಲವಾದ್ದರಿಂದಲೇ ಆ ಮಾತಿಗೆ ಅಷ್ಟು ತೂಕ. ಈಗ ಈ ಕೆಲಸದಲ್ಲಿ ಒಂದು ದೊಡ್ಡ ಪಾಲನ್ನು ಮೊಬೈಲ್ ಫೋನು ವಹಿಸಿಕೊಂಡಿದೆ. ಅದೂ 'ಉಳಿಸಲಾಗಿದೆ' ಎನ್ನುತ್ತದೆ. ಆ ಮಾತು ಯಾರದು? ಅದು ಸುಳ್ಳಾದರೆ ಹೊಣೆ ಯಾರು?

ಈ ಪ್ರಶ್ನೆ ನನಗೆ ಬಂದದ್ದು ನಮ್ಮ ಬಡಾವಣೆಯ ಸ್ವಸಹಾಯ ಸಂಘದಿಂದ. ನಾವು ಹದಿನೈದು ಮಂದಿ, ವಾರಕ್ಕೆ ತಲಾ ನೂರು ರೂಪಾಯಿ. ಲೆಕ್ಕ ಬರೆಯಲೆಂದು ನನ್ನ ಅಕ್ಕನ ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಒಂದು ಆಪ್ ಮಾಡಿಕೊಟ್ಟಿದ್ದರು. ಒಂದು ವಾರ ಆಪ್ ತೆರೆದು ನೋಡಿದರೆ ಹನ್ನೊಂದು ಮಂದಿಯ ಹಣ ಮಾತ್ರ ದಾಖಲಾಗಿದೆ. ತಡವಾಗಿ ಬಂದ ನಾಲ್ವರ ಹೆಸರಿನ ಮುಂದೆ ಖಾಲಿ. ಪೆಟ್ಟಿಗೆ ಎಣಿಸಿದರೆ ಸಾವಿರದ ನಾನೂರು. ಅಂದರೆ ಆ ನಾಲ್ವರಲ್ಲಿ ಮೂವರು ಕೊಟ್ಟಿದ್ದಾರೆ, ಒಬ್ಬರು ಕೊಟ್ಟಿಲ್ಲ. ಆದರೆ ನಾಲ್ವರೂ 'ನಾನು ಕೊಟ್ಟೆ' ಎನ್ನುತ್ತಾರೆ. ಯಾರೂ ಸುಳ್ಳಾಡುವ ಹೆಂಗಸರಲ್ಲ. ಆದರೂ ಅಂದು ಚಾಪೆಯ ಮೇಲೆ ಕೂತಿದ್ದ ಹದಿನೈದು ಜನರ ನಡುವೆ ಒಂದು ಬಗೆಯ ಮೌನ ಬಂತು ನೋಡಿ, ಅದು ನೂರು ರೂಪಾಯಿಯ ಮೌನವಾಗಿರಲಿಲ್ಲ. ಖಜಾಂಚಿ ಮಾತ್ರ ಒಂದೇ ಮಾತು ಹೇಳುತ್ತಿದ್ದರು: "ನಾನು ಬರೆದೆ, ಫೋನೇ ಉಳಿಸಲಾಗಿದೆ ಅಂತು."

ಅಕ್ಕನ ಮಗಳು ಭಾನುವಾರ ಬಂದಳು. ಮೊದಲು ಆಪ್ ಮುಟ್ಟಲಿಲ್ಲ, ಖಜಾಂಚಿಯನ್ನು ಕೇಳಿದಳು: "ಬರೆದ ಮೇಲೆ ಏನೇನು ಮಾಡಿದಿರಿ, ಆಂಟಿ?" ಅವರು ನೆನಪು ಮಾಡಿಕೊಂಡರು. ಮೊದಲ ಹನ್ನೊಂದು ಮಂದಿಯದನ್ನು ಬರೆದು ಆಪ್ ಮುಚ್ಚಿದ್ದರು. ತಡವಾಗಿ ಬಂದವರಿಗಾಗಿ ಮತ್ತೆ ತೆರೆದು ಬರೆದರು. ಅಷ್ಟರಲ್ಲಿ ಎಲ್ಲರೂ ಫೋಟೋ ತೆಗೆಯಿರಿ ಎಂದರು. ಆಪ್ ಮುಚ್ಚದೆ ಹಾಗೆಯೇ ಕ್ಯಾಮೆರಾಕ್ಕೆ ಹೋದರು.

"ಗೊತ್ತಾಯಿತು" ಎಂದಳು. ಫೋನಿನಲ್ಲಿ ಎರಡು ಜಾಗಗಳಿವೆಯಂತೆ. ಒಂದು ಅಡುಗೆ ಕಟ್ಟೆಯಂತೆ, ಕೆಲಸ ನಡೆಯುವಾಗ ಸಾಮಾನು ಹರಡಿಕೊಳ್ಳಲು. ಇನ್ನೊಂದು ಉಗ್ರಾಣದಂತೆ, ಫೋನು ಆರಿದರೂ ಉಳಿಯುವಂಥದು. ಕಟ್ಟೆ ಚಿಕ್ಕದಾದ ಫೋನಿನಲ್ಲಿ ಕ್ಯಾಮೆರಾದಂಥ ದೊಡ್ಡ ಕೆಲಸ ಬಂದರೆ, ಹಿಂದೆ ಸರಿದ ಆಪನ್ನು ಆಂಡ್ರಾಯ್ಡ್ ಹೇಳದೆ ಕೇಳದೆ ಗುಡಿಸಿ ಹಾಕುತ್ತದೆ. ಇವರ ಆಪ್ ಲೆಕ್ಕವನ್ನು ಕಟ್ಟೆಯ ಮೇಲಿಟ್ಟುಕೊಂಡು, ಮುಚ್ಚುವಾಗ ಒಟ್ಟಿಗೆ ಉಗ್ರಾಣಕ್ಕೆ ಸಾಗಿಸೋಣವೆಂದು ಕಾದಿರುತ್ತಿತ್ತು. ಗುಡಿಸಿ ಹಾಕಿದಾಗ 'ಈಗ ಮುಚ್ಚುತ್ತಿದ್ದೇನೆ' ಎಂಬ ಸೂಚನೆ ಬರುವುದೇ ಇಲ್ಲ. ಅವಳು ಕೇಬಲ್ ಹಾಕಿ, ಒಂದು ಲೆಕ್ಕ ಬರೆದು, ಹೋಮ್ ಗುಂಡಿ ಒತ್ತಿ, ಲ್ಯಾಪ್‌ಟಾಪಿನಿಂದ ಆಪನ್ನು ಕೊಂದು, ಮತ್ತೆ ತೆರೆದು ತೋರಿಸಿದಳು. ಬರೆದದ್ದು ಇಲ್ಲ. ನಾಲ್ಕು ಸಲ ಮಾಡಿದರೂ ಹಾಗೆಯೇ. ಅವಳ ದುಬಾರಿ ಫೋನಿನ ಕಟ್ಟೆ ದೊಡ್ಡದು. ಅಲ್ಲಿ ತಾನಾಗಿ ಒಮ್ಮೆಯೂ ಹೀಗಾಗಿರಲಿಲ್ಲ. ನಷ್ಟವೂ ಆರಿಸಿಕೊಂಡು ಬರುವುದು ಕಡಿಮೆ ಬೆಲೆಯ ಫೋನಿನವರ ಮನೆಗೇ.

"ಯಾರೂ ಸುಳ್ಳು ಹೇಳಲಿಲ್ಲ ಚಿಕ್ಕಮ್ಮ. ಉಳಿಸಲಾಗಿದೆ ಅನ್ನೋ ಮಾತನ್ನ ನಿಜವಾಗಿ ಉಳಿಸೋದಕ್ಕೆ ಮೊದಲೇ ತೋರಿಸಿಬಿಟ್ಟೆವು, ಅಷ್ಟೆ" ಎಂದಳು. ಆ 'ಅಷ್ಟೆ' ನನಗೆ ಅಷ್ಟಾಗಿ ಕಾಣಲಿಲ್ಲ. ಸುಳ್ಳೆಂದು ತಿಳಿದು ಹೇಳುವುದು ಒಂದು. ನಿಜವೋ ಅಲ್ಲವೋ ನೋಡದೆ ಹೇಳುವುದು ಇನ್ನೊಂದು. ಎರಡನೆಯದರಲ್ಲಿ ಕೆಡುಕಿನ ಮನಸ್ಸಿಲ್ಲ ಎಂದು ನಾವು ಬೇಗ ಕ್ಷಮಿಸುತ್ತೇವೆ. ಆದರೆ ನಂಬಿದವರಿಗೆ ಆಗುವ ನಷ್ಟ ಎರಡರಲ್ಲೂ ಒಂದೇ. ಅದೂ ಅಲ್ಲದೆ, 'ಉಳಿಸಲಾಗಿದೆ' ಎಂಬ ಮಾತನ್ನು ಗಮನಿಸಿ. ಅದರಲ್ಲಿ ಕರ್ತೃವೇ ಇಲ್ಲ. ಯಾರು ಉಳಿಸಿದರು, ಎಲ್ಲಿ ಉಳಿಸಿದರು? 'ಇಟ್ಟಿದ್ದೇನೆ' ಎಂದು ನಾವು ಹೇಳುವಾಗ 'ನಾನು' ಎಂಬುದು ಅದರೊಳಗೇ ಇರುತ್ತದೆ. ನಾಳೆ ಕೇಳಿದರೆ ಉತ್ತರ ಕೊಡಬೇಕಾದವಳು ಅಲ್ಲಿ ನಿಂತಿರುತ್ತಾಳೆ.

ಈ ವಿದ್ಯೆ ಬಲ್ಲವರಿಗೆ ಈ ವ್ಯತ್ಯಾಸ ಗೊತ್ತಿಲ್ಲವೆಂದಲ್ಲ. ಆಂಡ್ರಾಯ್ಡ್‌ನಲ್ಲಿ ಚಿಕ್ಕಪುಟ್ಟ ವಿಷಯಗಳನ್ನು ಇಡುವುದಕ್ಕೆ 'ಅಪ್ಲೈ', 'ಕಮಿಟ್' ಎಂದು ಎರಡು ಆಜ್ಞೆಗಳಿವೆಯಂತೆ. ಮೊದಲನೆಯದು ಕೆಲಸ ಒಪ್ಪಿಕೊಂಡು ಕೂಡಲೇ ಹಿಂತಿರುಗುತ್ತದೆ, ಬರೆಯುವುದು ಆಮೇಲೆ, ಬರೆಯಲಾಗದಿದ್ದರೂ ತಿಳಿಸುವುದಿಲ್ಲ. ಎರಡನೆಯದು ಬರೆಯುವವರೆಗೆ ಕಾದು, ಆಯಿತು ಅಥವಾ ಆಗಲಿಲ್ಲ ಎಂದು ಬಂದು ಹೇಳುತ್ತದೆ. ದೊಡ್ಡ ಲೆಕ್ಕಗಳಿಗೆ ಎಸ್‌ಕ್ಯೂಲೈಟ್ ಇದೆ. ಅಮೆರಿಕದ ರಿಚರ್ಡ್ ಹಿಪ್ 2000ದಲ್ಲಿ ಮಾಡಿದ್ದು, ಇಂದು ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಇದೆ. ಹಾಳೆಯನ್ನು ತಿದ್ದುವ ಮೊದಲು ಅದು ಹಳೆಯ ಹಾಳೆಯ ನಕಲನ್ನು ಬದಿಗಿಟ್ಟುಕೊಳ್ಳಬಲ್ಲದು. ನಡುವೆ ಫೋನು ಆರಿಹೋದರೆ, ಮುಂದಿನ ಸಲ ತೆರೆದಾಗ ಅರ್ಧ ಬರೆದದ್ದನ್ನು ಬಿಟ್ಟು ಹಳೆಯದಕ್ಕೇ ಮರಳುತ್ತದೆ. ಬರೆದರೆ ಪೂರ್ತಿ, ಇಲ್ಲವಾದರೆ ಇಲ್ಲ. ಒಬ್ಬಳ ಸಾಲ ಕಳೆದು ಸಂಘದ ಖಾತೆಗೆ ಸೇರಿಸದೆ ನಡುವೆ ನಿಲ್ಲುವ ಹಾಗಿಲ್ಲ.

"ಪ್ರತಿ ಸಲ ಕಾದರೆ ನಿಧಾನ ಆಗುತ್ತೆ, ಜನ ಬೈತಾರೆ" ಎಂದಳು. ಚಿಟಿಕೆ ಹೊಡೆಯುವಷ್ಟೂ ಹೊತ್ತಲ್ಲವಂತೆ ಅದು. ಆಮೇಲೆ ಅವಳೇ ನಿಜವಾದ ಪ್ರಶ್ನೆ ಎತ್ತಿದಳು: "ಉಗ್ರಾಣಕ್ಕೆ ಹಾಕಿದರೂ, ಫೋನು ನೀರಿಗೆ ಬಿದ್ದರೆ? ಹಾಗಾದರೆ ಉಳಿಸಿದೆ ಅಂತ ಯಾವತ್ತೂ ಹೇಳೋ ಹಾಗೇ ಇಲ್ಲವಲ್ಲ!" ಇದಕ್ಕೆ ನನ್ನ ಉತ್ತರ ಇಷ್ಟೆ. ಪ್ರಪಂಚದಲ್ಲಿ ಪೂರ್ತಿ ಭದ್ರವಾದ ಬೀರು ಯಾವುದೂ ಇಲ್ಲ. ಪಕ್ಕದ ಮನೆಯವರ ಒಡವೆಗೆ ನಾವು 'ಏನೂ ಆಗುವುದಿಲ್ಲ' ಎಂದು ಮಾತು ಕೊಡುವುದಿಲ್ಲ. 'ಇಂಥ ಕಡೆ ಇಟ್ಟಿದ್ದೇನೆ' ಎನ್ನುತ್ತೇವೆ. ಪ್ರಾಮಾಣಿಕ ಮಾತು ಎಂದರೆ ಕೊನೆಯಿಲ್ಲದ ಭರವಸೆಯಲ್ಲ, ಎಲ್ಲಿಯವರೆಗೆ ನಿಜವೋ ಅಲ್ಲಿಯವರೆಗೆ ಹೇಳಿ ನಿಲ್ಲುವ ಮಾತು. ಅವಳು ಆಪ್ ತಿದ್ದಿದಳು. ಈಗ ಪ್ರತಿ ಲೆಕ್ಕವೂ ಉಗ್ರಾಣ ಸೇರಿದ ಮೇಲೆಯೇ ಅದು ಬಾಯಿ ಬಿಡುತ್ತದೆ: 'ಈ ಫೋನಿನಲ್ಲಿ ಬರೆದಿದ್ದೇನೆ. ಬೇರೆ ಪ್ರತಿ ಇಲ್ಲ.' ಅದನ್ನು ಓದಿದ ಖಜಾಂಚಿ ಮರುದಿನವೇ ಒಂದು ನೋಟ್ ಪುಸ್ತಕ ತಂದರು.

ಆ ನೂರು ರೂಪಾಯಿಯನ್ನು ಅಕ್ಕನ ಮಗಳೇ ಪೆಟ್ಟಿಗೆಗೆ ಹಾಕಿ, ಸಂಘದ ಮುಂದೆ ನಿಂತು, ತಪ್ಪು ಆಪ್‌ನದು ಎಂದು ಹೇಳಿದಳು. ನಾಲ್ವರ ಹೆಸರಿಗೂ ಜಮಾ ಆಯಿತು. ಆದರೆ ಆ ನಾಲ್ವರಲ್ಲಿ ಒಬ್ಬರು ಈಗಲೂ ಹಣ ಕೊಡುವಾಗ ಎಲ್ಲರಿಗೂ ಕೇಳುವಂತೆ 'ಇಗೋ ಕೊಟ್ಟೆ' ಎಂದು ಗಟ್ಟಿಯಾಗಿ ಹೇಳಿಯೇ ಕೊಡುತ್ತಾರೆ. ಹೋದ ಲೆಕ್ಕವನ್ನು ಹೇಗೋ ತುಂಬಿಸಬಹುದು. ನಮ್ಮನ್ನು ನಂಬುತ್ತಾರೆ ಎಂಬ ನೆಮ್ಮದಿ ಒಮ್ಮೆ ಅಲುಗಾಡಿದರೆ, ಅದನ್ನು ಇಟ್ಟಿದ್ದ ಉಗ್ರಾಣಕ್ಕೆ ಇನ್ನೊಂದು ಪ್ರತಿ ಇಲ್ಲ. ಮಾತು ಕೊಡುವವರು, ಮನುಷ್ಯರಾಗಲಿ ಯಂತ್ರದ ಹಿಂದೆ ಕೂತವರಾಗಲಿ, ಕೊಡುವ ಮುಂಚೆ ಇದೊಂದನ್ನು ನೆನೆದರೆ ಸಾಕು.