ಸಾಕಿದ ಬೆಕ್ಕಿನ ಋಣ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಮೊದಲಾದ ನಗರಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಬೆಕ್ಕು ಸಾಕಿರುವ ಮನೆಗಳು ನಾವು ಎಣಿಸಿಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಇವೆ. ನೌಕರಿಯಲ್ಲಿ ವರ್ಗಾವಣೆ, ಬಾಡಿಗೆ ಮನೆಯ ಬದಲಾವಣೆ, ಮಕ್ಕಳಿರುವ ವಿದೇಶಕ್ಕೆ ಪ್ರಯಾಣ, ಹಿರಿಯರ ಅನಾರೋಗ್ಯ, ಇಂತಹ ಸಂದರ್ಭಗಳು ಒದಗಿದಾಗ 'ಇನ್ನು ಈ ಬೆಕ್ಕನ್ನು ಏನು ಮಾಡುವುದು?' ಎಂಬ ಪ್ರಶ್ನೆ ಆ ಮನೆಗಳಲ್ಲಿ ಏಳುತ್ತದೆ. ಗಂಭೀರವಾದ ವಿಷಯಗಳ ನಡುವೆ ಇದೆಂತಹ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಪ್ರಾಣಿ ಚಿಕ್ಕದಾದ ಮಾತ್ರಕ್ಕೆ ಅದನ್ನು ಕುರಿತ ಧರ್ಮವೂ ಚಿಕ್ಕದೆಂದು ನಿರ್ಣಯಿಸುವುದು ಆತುರದ ಮಾತು.

ಬೆಕ್ಕಿನ ವಿಷಯದಲ್ಲಿ ನಮ್ಮ ಮನೆತನಗಳ ಧೋರಣೆ ಮೊದಲಿನಿಂದಲೂ ದ್ವಿವಿಧವಾಗಿದೆ. ಅಡ್ಡ ಬಂದರೆ ಅಪಶಕುನ. ಮಡಿಯ ಅಡಿಗೆಮನೆಗೆ ನುಗ್ಗಿದರೆ ಅನರ್ಥ. ಶ್ರಾದ್ಧದ ದಿನ ಕಾಟ ಕೊಡುತ್ತದೆಂದು ತಂದೆ ಬೆಕ್ಕನ್ನು ಬುಟ್ಟಿಯ ಕೆಳಗೆ ಮುಚ್ಚಿಡುತ್ತಿದ್ದುದನ್ನು ಕಂಡ ಮಗ, ತಾನು ಶ್ರಾದ್ಧ ಮಾಡುವ ಕಾಲಕ್ಕೆ ನೆರೆಮನೆಯಿಂದ ಬೆಕ್ಕನ್ನು ಎರವಲು ತಂದು ಬುಟ್ಟಿ ಮುಚ್ಚಿದನೆಂಬ ಹಾಸ್ಯವನ್ನು ಕೇಳದವರಾರು? ಇತ್ತ ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆಯೂ ಉಂಟು. ಹೀಗಾಗಿ ಕೊಲ್ಲಲು ಅಂಜುವವರು ಬೇಕಾದಷ್ಟಿದ್ದಾರೆ. ಚೀಲದಲ್ಲಿ ಹಾಕಿ ದೂರ ಬಿಟ್ಟು ಬರಲು ಅಂಜುವವರು ಮಾತ್ರ ಕಡಮೆ.

ಮುಂಬಯಿಯಲ್ಲಿ ಹಾಗೆ ಬಿಟ್ಟು ಬರುವ ಜಾಗವೆಂದರೆ ಮೀನು ಮಾರುಕಟ್ಟೆ. 'ಅಲ್ಲಿ ಹೊಟ್ಟೆಗೆ ಕೊರತೆಯಿಲ್ಲವಲ್ಲ' ಎಂಬುದು ಸಮಾಧಾನ. ದೇವಸ್ಥಾನಗಳ ಪ್ರಾಕಾರಕ್ಕೂ ಮರಿಗಳನ್ನು ತಂದು ಬಿಡುತ್ತಾರೆ. ದೇವರ ಮಡಿಲಿಗೆ ಒಪ್ಪಿಸಿದೆವೆಂದು ಕೈ ಮುಗಿದು ಹಿಂದಿರುಗುತ್ತಾರೆ. ವಾಸ್ತವವೇನು? ಬೆಕ್ಕು ನೆಲೆಯನ್ನು ಹಂಚಿಕೊಳ್ಳಲು ಸುಲಭವಾಗಿ ಒಪ್ಪುವ ಪ್ರಾಣಿಯಲ್ಲ. ಮಾರುಕಟ್ಟೆಯ ಒಂದೊಂದು ಮೂಲೆಗೂ ಆಗಲೇ ಒಡೆಯರಿರುತ್ತಾರೆ. ತಟ್ಟೆಯ ಸದ್ದಿಗೆ ಓಡಿಬಂದು ಅಭ್ಯಾಸವಾದ ಮನೆಯ ಬೆಕ್ಕು ಅಲ್ಲಿ ಮೊದಲ ರಾತ್ರಿಯೇ ಕಚ್ಚಿಸಿಕೊಂಡು, ಯಾವುದಾದರೂ ಗಾಡಿಯ ಅಡಿಯಲ್ಲಿ ಅಡಗುತ್ತದೆ. ಆಹಾರ ಹತ್ತು ಮಾರಿನಲ್ಲಿದ್ದರೂ ಅದಕ್ಕೆ ದಕ್ಕುವುದಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮು, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು ಅಪರಾಧವೆಂದೇ ಎಣಿಸಿದೆ. ಮೊದಲ ಅಪರಾಧಕ್ಕೆ ಅದರಲ್ಲಿ ನಮೂದಾಗಿರುವ ದಂಡ 50 ರೂಪಾಯಿಗಳನ್ನು ಮೀರುವುದಿಲ್ಲ. ಚೀಲ ಹಿಡಿದು ಮಾರುಕಟ್ಟೆಗೆ ಹೋಗಿಬರುವ ಆಟೋರಿಕ್ಷಾದ ಬಾಡಿಗೆಯೇ ಅದಕ್ಕಿಂತ ಹೆಚ್ಚಾದೀತು.

ಇಲ್ಲಿ ಹಿರಿಯರೊಬ್ಬರು ಆಕ್ಷೇಪಿಸಬಹುದು: 'ಇದೆಲ್ಲ ಮೋಹವಲ್ಲವೇ? ಭರತರಾಜನ ಕಥೆ ಮರೆತಿರಾ?' ಆಕ್ಷೇಪ ತೂಕದ್ದೇ. ಭಾಗವತದ ಪಂಚಮಸ್ಕಂಧದಲ್ಲಿ ಭರತನು ರಾಜ್ಯವನ್ನೇ ತೊರೆದು ಗಂಡಕೀತೀರದಲ್ಲಿ ತಪಸ್ಸಿಗೆ ಕುಳಿತವನು. ಸಿಂಹದ ಗರ್ಜನೆಗೆ ಬೆದರಿ ಹೊಳೆ ಹಾರಿದ ಹುಲ್ಲೆಯ ಮರಿ ಪ್ರವಾಹದಲ್ಲಿ ಬಿದ್ದುದನ್ನು ಕಂಡು ಎತ್ತಿ ತಂದು ಸಾಕಿದನು. ಅದರ ಚಿಂತೆಯಲ್ಲಿಯೇ ನಿತ್ಯನಿಯಮಗಳು ಸಡಿಲವಾದವು, ಅದನ್ನೇ ನೆನೆಯುತ್ತ ದೇಹ ಬಿಟ್ಟನು, ಜಿಂಕೆಯಾಗಿ ಹುಟ್ಟಿದನು. ಆದುದರಿಂದ ಬೆಕ್ಕನ್ನು ಬಿಟ್ಟುಬಿಡುವುದೇ ವೈರಾಗ್ಯವೆಂದು ಇವರ ತೀರ್ಮಾನ.

ಆ ಕಥೆಯನ್ನು ನಾವು ಬೇರೆ ಬಗೆಯಲ್ಲಿ ಓದುತ್ತೇವೆ. ಭರತನ ಪತನಕ್ಕೆ ಕಾರಣ ಮರಿಯನ್ನು ನೀರಿನಿಂದ ಎತ್ತಿದ್ದಲ್ಲ. ಎತ್ತದೆ ಹೋಗಿದ್ದರೆ ಅವನನ್ನು ತಪಸ್ವಿಯೆಂದು ಕರೆಯಲು ನಮ್ಮ ನಾಲಿಗೆ ಹಿಂಜರಿಯುತ್ತಿತ್ತು. 'ಇದು ನನ್ನದು, ನಾನಿಲ್ಲದೆ ಇದಕ್ಕೆ ಗತಿಯಿಲ್ಲ' ಎಂಬ ಅಭಿಮಾನವೇ ಅವನನ್ನು ಕಟ್ಟಿಹಾಕಿತು. ಅಂತಹ ಅಭಿಮಾನ ಬೇಡವೆಂದಾದರೆ ಮಾಡಬೇಕಾದ ಕೆಲಸ ಮರಿಯನ್ನು ಮರಳಿ ಹೊಳೆಗೆ ಎಸೆಯುವುದಲ್ಲ. ನಮ್ಮದೆಂದು ನಾವು ತಿಳಿದಿರುವುದೆಲ್ಲವೂ ಅವನದು, ನಮ್ಮ ಬಳಿ ಇರುವುದು ಇಟ್ಟುಕೊಳ್ಳಲು ಕೊಟ್ಟ ನ್ಯಾಸ ಮಾತ್ರ ಎಂಬುದು ನಾವು ದಿನವೂ ಕೇಳುವ ಮಾತು. ಇಟ್ಟುಕೊಳ್ಳಲಾಗದ ನ್ಯಾಸವನ್ನು ಯೋಗ್ಯರ ಕೈಗೆ ಒಪ್ಪಿಸುವುದು ಒಂದು, ಬೀದಿಗೆ ಚೆಲ್ಲುವುದು ಮತ್ತೊಂದು. ಚಿನ್ನ, ನಿವೇಶನಗಳ ವಿಷಯದಲ್ಲಿ ಮೂಡದ ವೈರಾಗ್ಯ ಬೆಕ್ಕಿನ ವಿಷಯದಲ್ಲಿ ಮಾತ್ರ ಸಕಾಲಕ್ಕೆ ಮೂಡಿದರೆ ಅದನ್ನು ಸ್ವಲ್ಪ ಸಂಶಯದಿಂದಲೇ ನೋಡಬೇಕಾಗುತ್ತದೆ.

ಒಪ್ಪಿಸುವ ಬಗೆಗೆ ನಮ್ಮ ವಾಙ್ಮಯದಲ್ಲಿಯೇ ಮೇಲ್ಪಂಕ್ತಿಯುಂಟು. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಪತಿಗೃಹಕ್ಕೆ ಹೊರಟ ಶಕುಂತಲೆಯ ಸೆರಗನ್ನು ಏನೋ ಹಿಡಿದೆಳೆಯುತ್ತದೆ. ತಿರುಗಿ ನೋಡಿದರೆ ತಾಯಿ ಸತ್ತಾಗಿನಿಂದ ಅವಳೇ ಸಾಕಿದ ಜಿಂಕೆಮರಿ. ಬಾಯಿಗೆ ದರ್ಭೆ ಚುಚ್ಚಿದಾಗ ಎಣ್ಣೆ ಹಚ್ಚಿ, ಕಾಳು ತಿನ್ನಿಸಿ ಬೆಳೆಸಿದ್ದು. ಅವಳು ಅಳುತ್ತಾಳೆ; ಆದರೆ ಅತ್ತು ಸುಮ್ಮನಾಗುವುದಿಲ್ಲ, ಇನ್ನು ನಿನ್ನ ಯೋಗಕ್ಷೇಮ ತಂದೆಯವರದೆಂದು ಕಣ್ವರನ್ನು ತೋರಿಸಿಕೊಡುತ್ತಾಳೆ. ನಮ್ಮ ಪುಣ್ಯಕೋಟಿಯೂ ಅಷ್ಟೇ. ಹುಲಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹೊರಟವಳು ಕರುವನ್ನು ದೊಡ್ಡಿಯಲ್ಲಿ ಸುಮ್ಮನೆ ಬಿಟ್ಟು ನಡೆಯಲಿಲ್ಲ. ಒಡಹುಟ್ಟುಗಳನ್ನು ಕರೆದು, ತಬ್ಬಲಿಯಾಗುವ ಈ ಕಂದನನ್ನು ಹೇಗೆ ನಡೆಸಿಕೊಳ್ಳಬೇಕೆಂದು ಬಿಡಿಬಿಡಿಯಾಗಿ ಹೇಳಿ ಹೋದಳು. ಸತ್ಯಸಂಧತೆಗೆಂದು ಆ ಹಾಡನ್ನು ಮಕ್ಕಳಿಗೆ ಕಲಿಸುತ್ತೇವೆ. ಈ ಭಾಗ ನಮ್ಮ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ ಧರ್ಮರಾಜನ ಪ್ರಸಂಗವನ್ನು ಎಲ್ಲರೂ ಬಲ್ಲರು, ವಿಸ್ತರಿಸುವ ಅಗತ್ಯವಿಲ್ಲ.

ಕೊಡುವುದಕ್ಕೆ ಮುಂಚೆ ಕೊಡುವುದು ಅನಿವಾರ್ಯವೇ ಎಂದು ಕೇಳಿಕೊಳ್ಳಬೇಕು. ಸೊಸೆ ಗರ್ಭಿಣಿಯೆಂದು ತಿಳಿದ ಕೂಡಲೇ ಬೆಕ್ಕನ್ನು ಹೊರಹಾಕುವ ಮನೆಗಳಿವೆ. ಬೆಕ್ಕಿನ ಮಲದ ಮೂಲಕ ಹರಡಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುವಿನಿಂದ ಗರ್ಭಸ್ಥ ಶಿಶುವಿಗೆ ಅಪಾಯವುಂಟೆಂಬುದು ನಿಜ. ಆದರೆ ಮಲದಲ್ಲಿ ಹೊರಬಿದ್ದ ಆ ಅಣು ಸೋಂಕು ತರುವ ಸ್ಥಿತಿಗೆ ಬರಲು ಕಡಮೆಯೆಂದರೂ ಒಂದು ದಿನ ಬೇಕು. ಮರಳಿನ ತಟ್ಟೆಯನ್ನು ಮನೆಯ ಬೇರೆಯವರು ದಿನವೂ ತೆಗೆದು ತೊಳೆದರೆ, ಗರ್ಭಿಣಿ ಅದನ್ನು ಮುಟ್ಟದೆ ಕೈ ಶುದ್ಧವಾಗಿಟ್ಟುಕೊಂಡರೆ ಬೆಕ್ಕನ್ನು ಓಡಿಸಬೇಕಾದ ಪ್ರಮೇಯವಿಲ್ಲ. ವೈದ್ಯರನ್ನು ಕೇಳಿದರೆ ಅವರೂ ಇದನ್ನೇ ಹೇಳುವರು. ಅಂದರೆ ಅನೇಕ ಮನೆಗಳಲ್ಲಿ ಪ್ರಶ್ನೆ ಬೆಕ್ಕಿನದಲ್ಲ, ತಟ್ಟೆ ತೊಳೆಯುವ ಗಂಡಸಿನದು. ಇನ್ನು ಸೊಸೈಟಿಯವರ ನಿರ್ಬಂಧ. ಸಾಕುಪ್ರಾಣಿಗಳನ್ನು ಇಡಲೇಕೂಡದೆಂದು ವಸತಿ ಸಂಘಗಳು ನಿಷೇಧಿಸಲಾಗದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ಬಾಡಿಗೆ ಮನೆಯ ಮಾಲೀಕರು ಒಪ್ಪದಿದ್ದರೆ ಮಾತ್ರ ದಾರಿ ಕಷ್ಟ.

ಇಷ್ಟೆಲ್ಲ ಆದಮೇಲೂ ಕೊಡಲೇಬೇಕಾದರೆ, ಯಾರಿಗೆ? ಈ ಪ್ರಶ್ನೆಯಲ್ಲಿಯೇ ನಮ್ಮಂಥವರ ನಿಜವಾದ ಇಕ್ಕಟ್ಟು ಇದೆ. ಸಾಧ್ಯವಾದಷ್ಟೂ ನಮ್ಮವರದೇ ಆದ ಸಾತ್ತ್ವಿಕ ಮನೆಗೆ ಹೋಗಲೆಂದು ಸಾಕಿದವರು ಆಶಿಸುವುದು ಸಹಜ. ಹಾಲು ಅನ್ನ, ಮೊಸರನ್ನ ತಿಂದು ಬೆಳೆದ ಬೆಕ್ಕು ಮೀನು ತಿನ್ನುವವರ ಮನೆ ಸೇರುವುದೇ? ಆದರೆ ಬೆಕ್ಕಿನ ದೇಹಧರ್ಮ ನಮ್ಮ ಆಚಾರವನ್ನು ಅನುಸರಿಸುವುದಿಲ್ಲ. ಟಾರಿನ್ ಎಂಬ ದ್ರವ್ಯವನ್ನು ಅದರ ದೇಹ ಸಾಕಷ್ಟು ಉತ್ಪಾದಿಸಿಕೊಳ್ಳಲಾರದು. ಮಾಂಸ, ಮೀನುಗಳಿಂದಲೇ ಅದು ದೊರೆಯಬೇಕು. ದೊರೆಯದಿದ್ದರೆ ಕ್ರಮೇಣ ದೃಷ್ಟಿ ಕುಂದುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ಹೃದಯರೋಗಕ್ಕೂ ಈ ಕೊರತೆಗೂ ಇರುವ ಸಂಬಂಧವನ್ನು ಪಶುವೈದ್ಯರು 1987ರಲ್ಲಿ ಖಚಿತಪಡಿಸಿದರು. ಅನೇಕ ಬೆಕ್ಕುಗಳಿಗೆ ಬೆಳೆದ ಮೇಲೆ ಹಾಲು ಸಹ ಸರಿಯಾಗಿ ಜೀರ್ಣವಾಗುವುದಿಲ್ಲ. ಹಳ್ಳಿಯ ಮನೆಗಳಲ್ಲಿ ಮೊಸರನ್ನದ ಬೆಕ್ಕು ಚೆನ್ನಾಗಿಯೇ ಇತ್ತಲ್ಲ ಎಂದರೆ, ಅಲ್ಲಿ ಕಣಜದ ಇಲಿಗಳಿದ್ದವು. ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಇಲಿಯೆಲ್ಲಿ?

ಜೀವಜೀವರಲ್ಲಿ ಭೇದವುಂಟು, ಪ್ರತಿಯೊಂದು ಜೀವಕ್ಕೂ ತನ್ನದೇ ಸ್ವಭಾವವುಂಟು ಎಂದು ಒಪ್ಪಿದವರು ನಾವು. ಬೆಕ್ಕಿನ ಸ್ವಭಾವವನ್ನು ನಮ್ಮ ತಟ್ಟೆಗೆ ಬಗ್ಗಿಸಲು ಹೊರಡುವುದು ಆ ಒಪ್ಪಿಗೆಗೆ ಹೊಂದುವುದಿಲ್ಲ. ಶಾಕಾಹಾರದ ಮನೆಯವರು ಅಂಗಡಿಯ ಬೆಕ್ಕಿನ ಆಹಾರವನ್ನು ಅಡಿಗೆಮನೆಗೆ ತಾರದೆ ಬಾಲ್ಕನಿಯಲ್ಲಿಟ್ಟು ನಿರ್ವಹಿಸುತ್ತಿರುವುದನ್ನು ನಾವು ಕಂಡಿದ್ದೇವೆ. ಅದಕ್ಕೆ ಸಿದ್ಧರಿರುವ ನಮ್ಮವರು ಸಿಕ್ಕರೆ ಸಂತೋಷ. ಸಿಗದಿದ್ದರೆ, ಪ್ರೀತಿಯಿಂದ ನೋಡಿಕೊಳ್ಳುವ ಕೊಂಕಣಿ, ಬಂಗಾಳಿ ಕುಟುಂಬಕ್ಕೆ ಬೆಕ್ಕನ್ನು ಕೊಡಲು ಹಿಂದೆಮುಂದೆ ನೋಡಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದ ಓದುಗರು ಇರುವರೆಂದು ಬಲ್ಲೆವು.

ಡೊಂಬಿವಲಿಯಲ್ಲಿ ನಮ್ಮ ಪರಿಚಯದ ವೃದ್ಧೆಯೊಬ್ಬರಿದ್ದರು. ಯಜಮಾನರು ತೀರಿಕೊಂಡ ಬಳಿಕ ಬೆಂಗಳೂರಿನ ಮಗನ ಮನೆಗೆ ಹೋಗಿ ನೆಲೆಸುವುದೆಂದು ನಿಶ್ಚಯವಾಯಿತು. ಮೊಮ್ಮಗುವಿಗೆ ಉಬ್ಬಸ, ಬೆಕ್ಕುಗಳನ್ನು ಕರೆದೊಯ್ಯುವಂತಿರಲಿಲ್ಲ. ಇದ್ದುದು ಮೂರು: ಒಡಹುಟ್ಟಿದ ಎರಡು, ಹದಿನಾಲ್ಕು ವರ್ಷದ ಮುದಿ ಬೆಕ್ಕೊಂದು. ಆಕೆ ಮೊದಲು ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ, ಚುಚ್ಚುಮದ್ದು ಎಲ್ಲವನ್ನೂ ಮುಗಿಸಿದರು. ಬೇಕೆಂದು ಬಂದವರ ಮನೆಗೆ ತಾವೇ ಹೋಗಿ ನೋಡಿದರು. ಕಿಟಕಿಗೆ ಜಾಲರಿಯಿಲ್ಲದ ಆರನೆಯ ಮಹಡಿಯ ಮನೆಯನ್ನು ನಿರಾಕರಿಸಿದರು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆಂಬ ನಂಬಿಕೆಯಲ್ಲಿ ನಗರಗಳಲ್ಲಿ ಎಷ್ಟೋ ಬೆಕ್ಕುಗಳು ಸಾಯುತ್ತವೆ. ಜೋಡಿಯಲ್ಲಿ ಒಂದನ್ನು ಮಾತ್ರ ಕೇಳಿದವರಿಗೂ ಇಲ್ಲವೆಂದರು.

ಎಲ್ಲಕ್ಕಿಂತ ನಮಗೆ ಮೆಚ್ಚಿಗೆಯಾದುದು ಆಕೆ ದೋಷಗಳನ್ನು ಮುಚ್ಚಿಡದೆ ಇದ್ದುದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಮದುವೆಯಲ್ಲಿಯೇ ಎಷ್ಟು ಸರಿಯೋ ತಿಳಿಯದು, ಬೆಕ್ಕಿನ ವಿಷಯದಲ್ಲಂತೂ ಅನರ್ಥಕಾರಿ. 'ಇವನು ಅಪರಿಚಿತರನ್ನು ಪರಚುತ್ತಾನಮ್ಮಾ. ಇವಳು ಹೆದರಿದರೆ ಹಾಸಿಗೆಯ ಮೇಲೆಯೇ ಉಚ್ಚೆ ಹೊಯ್ಯುತ್ತಾಳೆ. ಯೋಚಿಸಿ ಹೇಳಿ' ಎಂದು ಬಂದವರಿಗೆಲ್ಲ ಹೇಳಿದರು. ಮೂವರು ಹಿಂದೆಗೆದರು. ನಾಲ್ಕನೆಯವರು, ಠಾಣೆಯ ಶಿಕ್ಷಕ ದಂಪತಿಗಳು, ಎಲ್ಲವನ್ನೂ ಕೇಳಿ ಒಪ್ಪಿದರು. ದೋಷ ತಿಳಿಯದೆ ಒಯ್ದವರು ಒಂದು ವಾರದಲ್ಲಿ ಬೇಸತ್ತು ಬೀದಿಗೆ ಬಿಟ್ಟರೆ ಆ ಪಾಪದಲ್ಲಿ ಮುಚ್ಚಿಟ್ಟವರಿಗೂ ಪಾಲುಂಟಲ್ಲವೇ?

ಬೆಕ್ಕುಗಳೊಡನೆ ತಾವು ಉಟ್ಟ ಒಂದು ಹಳೆಯ ಸೀರೆಯನ್ನೂ ಕಳುಹಿಸಿದರು, ತೊಳೆಯದೆ. ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿರಿಸಿ, ಮೂರು ನಾಲ್ಕು ವಾರ ಹೊರಗೆ ಬಿಡಬೇಡಿ, ಹಳೆಯ ಆಹಾರವನ್ನೇ ಕೊಡಿ, ಎರಡು ದಿನ ಏನೂ ತಿನ್ನದಿದ್ದರೆ ವೈದ್ಯರ ಬಳಿಗೆ ಒಯ್ಯಿರಿ ಎಂದು ಚೀಟಿ ಬರೆದುಕೊಟ್ಟರು. ಕೊನೆಯ ಮಾತು ವಿಶೇಷವಾಗಿ ಮುಖ್ಯ. ಕೊರಗಿ ಉಪವಾಸ ಬಿದ್ದ ಬೆಕ್ಕಿಗೆ ಕೆಲವೇ ದಿನಗಳಲ್ಲಿ ಯಕೃತ್ತು ಕೆಡುತ್ತದೆ. ಬೆಕ್ಕಿಗೆ ಮನೆಯ ಮೇಲೆ ಮೋಹವೇ ಹೊರತು ಮನುಷ್ಯರ ಮೇಲಲ್ಲವೆಂದು ಹೇಳುವ ರೂಢಿಯಿದೆ. ಅಮೆರಿಕದ ಓರೆಗಾನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬೆಕ್ಕುಗಳು ಸಾಕಿದವರನ್ನು ಆಶ್ರಯವೆಂದೇ ಭಾವಿಸುವುದು ಕಂಡುಬಂದಿತು. ಬಿಟ್ಟು ಬರಲು ಅನುಕೂಲವಾದ ನಂಬಿಕೆಗಳನ್ನು ಮರುಪರೀಕ್ಷಿಸುವುದು ಒಳ್ಳೆಯದು.

ಕೊಟ್ಟ ಮೇಲೆ ಏನು? ದಿನಕ್ಕೆರಡು ಬಾರಿ ದೂರವಾಣಿ ಮಾಡಿ, ಹೀಗೇಕೆ ಮಲಗಿಸಿದಿರಿ, ಹೆಸರೇಕೆ ಬದಲಿಸಿದಿರಿ ಎಂದು ಪೀಡಿಸುವವರಿದ್ದಾರೆ. ಅದು ಕೊಟ್ಟೂ ಕೊಡದ ಹಾಗೆ. ಭರತನ ಮೋಹ ಇದೇ. ನೃಗರಾಜನ ಪ್ರಸಂಗ ಇಲ್ಲಿ ನೆನಪಾಗುತ್ತದೆ. ದಾನ ಕೊಟ್ಟ ಹಸು ತಾನಾಗಿ ಅವನ ಮಂದೆಗೆ ಮರಳಿ ಬಂದಿತ್ತು. ತಿಳಿಯದೆ ಅದನ್ನು ಮತ್ತೊಬ್ಬರಿಗೆ ಕೊಟ್ಟುದಕ್ಕಾಗಿ ಓತಿಕೇತನಾಗಿ ಬಾವಿಯಲ್ಲಿ ಬಿದ್ದಿರಬೇಕಾಯಿತು, ಶ್ರೀಕೃಷ್ಣನು ಬಂದು ಎತ್ತುವವರೆಗೆ. ಹಸುವಿಗಿಂತಲೂ ಬೆಕ್ಕು ಹಳೆಯ ಮನೆಗೆ ಮರಳುವುದರಲ್ಲಿ ನಿಪುಣ. ಮರಳಿದರೆ 'ನಮ್ಮ ಋಣ ತೀರಿಲ್ಲ' ಎಂದು ಇಟ್ಟುಕೊಳ್ಳದೆ, ಕೊಂಡೊಯ್ದವರಿಗೆ ತಿಳಿಸಿ ಒಪ್ಪಿಸಬೇಕು. ಅವರೇ ಇಟ್ಟುಕೊಳ್ಳಲಾರೆವೆಂದರೆ ಮಾತ್ರ ಹೊಣೆ ಪುನಃ ಕೊಟ್ಟವರದು. ಹಾಗೆಂದು ಮೊದಲೇ ಮಾತು ಕೊಟ್ಟಿರಬೇಕು.

ಆ ವೃದ್ಧೆಯ ಮುದಿ ಬೆಕ್ಕನ್ನು ಯಾರೂ ಕೇಳಲಿಲ್ಲ. ಮೂತ್ರಪಿಂಡದ ತೊಂದರೆಯಿದ್ದ, ದಿನವೂ ಔಷಧಿ ಬೇಕಾದ ಪ್ರಾಣಿಯನ್ನು ಯಾರು ಕೇಳುತ್ತಾರೆ? ಪ್ರಾಣಿಗಳ ಆಶ್ರಮವೊಂದಿತ್ತು, ಹೋಗಿ ನೋಡಿದರು, ಸಾಲು ಪಂಜರಗಳಲ್ಲಿ ನೂರಾರು ಪ್ರಾಣಿಗಳು, ನೋಡಿಕೊಳ್ಳಲು ಇಬ್ಬರು. ಹಿಂದಿರುಗಿ ಬಂದು ಮಗನಿಗೆ ಪತ್ರ ಬರೆದರು. ಮಗ ಸಿಡುಕಿದನು, ಬೆಕ್ಕೊಂದಕ್ಕಾಗಿ ಮೊಮ್ಮಗನನ್ನು ಬಿಟ್ಟಿರುವರೆಂದು ಬಂಧುಗಳು ಆಡಿಕೊಂಡರು. ಆಡಿಕೊಂಡವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಎರಡು ಕರ್ತವ್ಯಗಳು ಎದುರುಬದುರಾಗಿ ನಿಂತಾಗ ಒಂದಕ್ಕೆ ನೋವಾಗಿಯೇ ತೀರುತ್ತದೆ. 'ಮೊಮ್ಮಗನಿಗೆ ಅಪ್ಪ ಅಮ್ಮ ಇದ್ದಾರೆ, ಇದಕ್ಕೆ ಇನ್ನಾರಿದ್ದಾರೆ ರಾಯರೇ?' ಎಂದಷ್ಟೇ ಆಕೆ ನಮ್ಮೊಡನೆ ಹೇಳಿದರು. ಪ್ರಯಾಣ ಎಂಟು ತಿಂಗಳು ಮುಂದಕ್ಕೆ ಹೋಯಿತು. ಬೆಕ್ಕು ಚಾತುರ್ಮಾಸ್ಯದ ಕೊನೆಯಲ್ಲಿ ಮನೆಯಲ್ಲಿಯೇ ಸತ್ತಿತು. ದೀಪಾವಳಿಗೆ ಮುಂಚೆ ಆಕೆ ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟರು. ನಿಲ್ದಾಣಕ್ಕೆ ಬಂದಿದ್ದ ಠಾಣೆಯ ದಂಪತಿಗಳ ಕೈಯಲ್ಲಿ ಆ ಜೋಡಿಯ ಭಾವಚಿತ್ರವಿತ್ತು. ಸೀರೆಯ ಮೇಲೆಯೇ ಮಲಗಿದ್ದವು, ಆ ವೇಳೆಗೆ ಅದರ ಬಣ್ಣವೂ ತಿಳಿಯದಂತಾಗಿತ್ತು.