ಮಗುವಿನ ಕಾಯಿಲೆ ಐಬೇ?



ನಿಮ್ಮ ಮನೆಯಲ್ಲಿ ಸದಾ ಕಣ್ಣಿಟ್ಟು ನೋಡಿಕೊಳ್ಳಬೇಕಾದ, ಯಾವ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾದೀತೋ ಹೇಳಲಾಗದ ಮಗುವೊಂದಿದೆ ಎಂದು ಭಾವಿಸಿ. ಆ ಮಗುವನ್ನು ಕರೆದುಕೊಂಡು ಸಮುದ್ರ ದಾಟುವ ಸಂದರ್ಭ ಬಂದಿದೆ. ಅದು ಉಮ್ರಾ ಯಾತ್ರೆಯಿರಬಹುದು, ಗಲ್ಫ್‌ನಲ್ಲಿ ದುಡಿಯುತ್ತಿರುವ ತಂದೆಯ ಬಳಿಗೆ ಹೋಗುವುದಿರಬಹುದು. ಪಾಸ್‌ಪೋರ್ಟ್ ಆಯಿತು, ವೀಸಾ ಬಂತು, ಸಾಮಾನು ಕಟ್ಟಿಯಾಯಿತು. ಆದರೆ ಒಂದು ಸಿದ್ಧತೆಯನ್ನು ಮಾತ್ರ ನಾವು ಕೊನೆಯ ದಿನದವರೆಗೂ ಮುಂದೂಡುತ್ತೇವೆ. ಮಗುವಿಗೆ ಇಂಥ ಕಾಯಿಲೆಯಿದೆ ಎಂದು ಜೊತೆಯವರಿಗೆ ಬಾಯಿಬಿಟ್ಟು ಹೇಳುವುದೇ ಆ ಸಿದ್ಧತೆ. ಹೇಳಲೇಬೇಕೇ? ಯಾರಿಗೆ, ಎಷ್ಟು? ಮುಚ್ಚಿಟ್ಟರೆ ತಪ್ಪೇನು?

ಈ ಪ್ರಶ್ನೆ ನನಗೆ ಕಿತಾಬುಗಳಲ್ಲಿ ಸಿಕ್ಕಿದ್ದಲ್ಲ, ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಮನೆಯಲ್ಲಿ ಎದುರಾದದ್ದು. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಆ ಮನೆಯ ಹುಡುಗ ಏಳನೆಯ ವಯಸ್ಸಿನಿಂದ ಸಂಜೆಯ ಹೊತ್ತು ನನ್ನ ಬಳಿ ಕುರ್‌ಆನ್ ಓದಲು ಬರುತ್ತಿದ್ದ. ಕೆಲವು ದಿನ ಒಂದು ಕಾಲನ್ನು ಉದ್ದಕ್ಕೆ ಚಾಚಿಯೇ ಕೂರುತ್ತಿದ್ದ. ಒಮ್ಮೆ ನಾನು, "ಕುರ್‌ಆನಿನ ಮುಂದೆ ಕಾಲು ಚಾಚಿ ಕೂರುವುದೇನೋ?" ಎಂದು ಎಲ್ಲರೆದುರು ಗದರಿದೆ. ಅವನು ತುಟಿ ಕಚ್ಚಿಕೊಂಡು ಕಾಲು ಮಡಿಸಿ ಕೂತ. ಮರುದಿನದಿಂದ ನಾಲ್ಕು ದಿನ ಬರಲಿಲ್ಲ. ಕೇಳಿದ್ದಕ್ಕೆ, "ಮೆಟ್ಟಿಲ ಮೇಲೆ ಬಿದ್ದ ಹಜ್ರತ್" ಎಂದರು. ಅವನಿಗೆ ಹಿಮೋಫಿಲಿಯಾ ಇದೆ, ಅಂದು ಅವನ ಮೊಣಕಾಲ ಕೀಲಿನೊಳಗೆ ರಕ್ತ ಸೋರುತ್ತಿತ್ತು ಎಂಬುದು ನನಗೆ ತಿಳಿದದ್ದು ಎರಡು ವರ್ಷಗಳ ಬಳಿಕ. ಆ ಗದರಿಕೆಯನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಹಿಮೋಫಿಲಿಯಾ ಎಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಎಂಟನೆಯದೋ ಒಂಬತ್ತನೆಯದೋ ಹುಟ್ಟಿನಿಂದಲೇ ಕೊರತೆಯಾಗಿರುವುದು. ಇಂಥವರಿಗೆ ಗಾಯದಿಂದ ರಕ್ತ ಇತರರಿಗಿಂತ ಜೋರಾಗಿ ಹರಿಯುವುದಿಲ್ಲ, ಆದರೆ ನಿಲ್ಲುವುದಿಲ್ಲ. ಹೊರಗಿನ ಗಾಯಕ್ಕಿಂತ ಒಳಗಿನ ರಕ್ತಸ್ರಾವವೇ ಹೆಚ್ಚು ಅಪಾಯಕಾರಿ. ಮೊಣಕಾಲು, ಮೊಣಕೈ, ಕಾಲಿನ ಗಿಣ್ಣುಗಳಲ್ಲಿ ರಕ್ತ ತುಂಬಿ ಊದಿಕೊಳ್ಳುತ್ತದೆ. ಕೊರತೆಯಾದ ಅಂಶವನ್ನು ಸೂಜಿಯ ಮೂಲಕ ರಕ್ತನಾಳಕ್ಕೆ ಕೊಡಬೇಕು. ಇದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ತಾಯಿಯ ಮೂಲಕ ಬರುತ್ತದೆ. ಈ ಕೊನೆಯ ಮಾತೇ ಆ ಮನೆಯ ಬಾಯಿ ಕಟ್ಟಿಹಾಕಿತ್ತು.

ವಿಪರ್ಯಾಸ ನೋಡಿ. ಈ ಕಾಯಿಲೆಯ ವಿಷಯದಲ್ಲಿ ದಾವಣಗೆರೆ ನಾಡಿನಲ್ಲೇ ಹೆಸರಾದ ಊರು. ಸ್ವತಃ ಹಿಮೋಫಿಲಿಯಾ ಇರುವ, ಇಲ್ಲಿನ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದ ಡಾ. ಸುರೇಶ್ ಹನಗವಾಡಿಯವರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ್ದು ಇದೇ ಊರಿನಲ್ಲಿ. ತನ್ನ ಕಾಯಿಲೆಯನ್ನು ತಾನೇ ಹೇಳಿಕೊಂಡ ಒಬ್ಬ ವ್ಯಕ್ತಿಯಿಂದ ಎಷ್ಟೋ ಮನೆಗಳಿಗೆ ದಾರಿ ಸಿಕ್ಕಿತು. ಅದೇ ಊರಿನ ಈ ಮನೆಯಲ್ಲಿ ಮಾತ್ರ ಕಾಯಿಲೆಯ ಹೆಸರನ್ನು ಪಿಸುದನಿಯಲ್ಲೂ ಹೇಳುತ್ತಿರಲಿಲ್ಲ.

ಹುಡುಗನ ದಾದಾರಿಗೆ ಮೊಮ್ಮಗನನ್ನು ಉಮ್ರಾಕ್ಕೆ ಕರೆದೊಯ್ಯಬೇಕೆಂಬ ಆಸೆ. ನೆಂಟರು, ಮೊಹಲ್ಲಾದವರು ಸೇರಿ ಒಂದು ತಂಡವಾಯಿತು. ಉಮ್ರಾ ಯಾತ್ರಿಕರು ಮೆದುಳುಪೊರೆಯ ಉರಿಯೂತದ ವಿರುದ್ಧ ಲಸಿಕೆ ಪಡೆದಿರಬೇಕೆಂಬುದು ಸೌದಿ ಸರಕಾರದ ನಿಯಮ. ತಲುಪುವ ಕನಿಷ್ಠ 10 ದಿನ ಮುಂಚೆ ಅದನ್ನು ಹಾಕಿಸಿಕೊಳ್ಳಬೇಕು. ಇಡೀ ತಂಡಕ್ಕೆ ಒಂದೇ ಕಡೆ ಏರ್ಪಾಡಾಗಿತ್ತು, ಎಲ್ಲರೂ ಸಾಲಿನಲ್ಲಿ ನಿಂತರು. ಹಿಮೋಫಿಲಿಯಾ ಇರುವವರಿಗೆ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಡುವಾಗ ಮೊದಲೇ ಅವರ ವೈದ್ಯರ ಸಲಹೆ ಪಡೆಯಬೇಕು. ಬೇಕಾದರೆ ಫ್ಯಾಕ್ಟರ್ ಕೊಟ್ಟು, ಸಣ್ಣ ಸೂಜಿ ಬಳಸಿ, ಆ ಜಾಗವನ್ನು ಹಲವು ನಿಮಿಷ ಒತ್ತಿ ಹಿಡಿಯಬೇಕು. ತಾಯಿಗೆ ಇದು ಗೊತ್ತಿತ್ತು. ಹೇಳಲು ಬಾಯಿ ತೆರೆದಾಗ ಅತ್ತೆ ಆಕೆಯ ಕೈ ಅದುಮಿದರು. ಏಕೆಂದರೆ ಅದೇ ಸಾಲಿನಲ್ಲಿ ಮೂವರ ಹಿಂದೆ, ಹುಡುಗನ ಅಕ್ಕನಿಗೆ ಸಂಬಂಧ ಕೇಳಿದ್ದ ಮನೆಯವರು ನಿಂತಿದ್ದರು.

ದಾದಿ ಕ್ರೂರಿಯಲ್ಲ. ಒಂದು ಮೊಮ್ಮಗಳ ಬಾಳನ್ನು ಉಳಿಸಲು ಹೋಗಿ ಒಬ್ಬ ಮೊಮ್ಮಗನ ತೋಳನ್ನು ಮರೆತರು, ಅಷ್ಟೆ. ರಾತ್ರಿಯ ಹೊತ್ತಿಗೆ ಆ ತೋಳು ಊದಿ ಕಲ್ಲಿನಂತಾಗಿತ್ತು. ಆಸ್ಪತ್ರೆಗೆ ಓಡಿದರು, ಫ್ಯಾಕ್ಟರ್ ಕೊಡಿಸಿದರು. ಅಲ್‌ಹಮ್ದುಲಿಲ್ಲಾಹ್, ಕೆಲವು ದಿನಗಳಲ್ಲಿ ವಾಸಿಯಾಯಿತು. ಲಸಿಕೆ ಹಾಕಿದಾಕೆಯನ್ನು ದೂರುವಂತಿಲ್ಲ, ಆಕೆಗೆ ಯಾರೂ ಹೇಳಿರಲಿಲ್ಲವಲ್ಲ.

ಆ ವಾರ ದಾದಾ ನನ್ನ ಬಳಿ ಬಂದರು. ಕೂತವರು ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಜ್ರತ್, ಐಬು ಮುಚ್ಚುವುದು ಸವಾಬು ಅಂತ ಜುಮಾದಲ್ಲಿ ನೀವೇ ಹೇಳಿದ್ದಿರಿ. ನಾವು ನಮ್ಮ ಮನೆಯ ಐಬನ್ನೇ ಮುಚ್ಚಿದೆವು. ಎಲ್ಲಿ ತಪ್ಪಾಯಿತು?" ಎಂದರು.

ಓದುಗರೇ, ನಾನು ಹಾಗೆ ಹೇಳಿದ್ದು ನಿಜ. ಇತರರ ಕುಂದುಗಳನ್ನು ಮುಚ್ಚುವವನ ಕುಂದನ್ನು ಅಲ್ಲಾಹನು ಮುಚ್ಚುತ್ತಾನೆಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ತಿಳಿದದ್ದೇ. ಆದರೆ ಐಬು ಎಂದರೇನು? ಮನುಷ್ಯ ಮಾಡಿದ ತಪ್ಪಿಗೆ, ಎಡವಿದ ನಡತೆಗೆ ಆ ಮಾತು ಸಲ್ಲುತ್ತದೆ. ಏಳು ವರ್ಷದ ಹುಡುಗ ಏನು ಎಡವಿದ್ದಾನೆ? ಕಾಯಿಲೆ ಐಬಾಗಿದ್ದರೆ ಪ್ರವಾದಿ ಅಯ್ಯೂಬ್‌(ಅ)ರ ಕಷ್ಟವನ್ನು ಅಲ್ಲಾಹನು ತನ್ನ ಗ್ರಂಥದಲ್ಲಿ ಲೋಕವೆಲ್ಲ ಕಿಯಾಮತ್‌ವರೆಗೆ ಓದುವಂತೆ ಇಡುತ್ತಿದ್ದನೇ? ನಾವು ಕಾಯಿಲೆಯನ್ನು ಐಬಿನ ಪಟ್ಟಿಗೆ ಸೇರಿಸಿದ ಕೂಡಲೇ ಕಾಯಿಲೆಯವನನ್ನು ಅಪರಾಧಿಯ ಸಾಲಿಗೆ ಸೇರಿಸಿದಂತಾಯಿತು. ಮಗು ಅದನ್ನು ಬೇಗ ಕಲಿಯುತ್ತದೆ. ತುಟಿ ಕಚ್ಚಿಕೊಂಡು ಕಾಲು ಮಡಿಸಿ ಕೂರುತ್ತದೆ.

ಮುಸ್ಲಿಮರಿಗೆ ಈ ಕಾಯಿಲೆಯ ಹೆಸರೇ ನಾಚಿಕೆಯೆನ್ನುವವರು ಇದನ್ನು ತಿಳಿಯಲಿ. ಸಾವಿರ ವರ್ಷಗಳ ಹಿಂದೆ ಅಂದಲೂಸಿನ ಕುರ್ತುಬಾ ನಗರದ ವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವೀ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ, ಚಿಕ್ಕ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದ ಒಂದು ಹಳ್ಳಿಯ ಗಂಡಸರ ಬಗ್ಗೆ ಬರೆದಿದ್ದಾರೆ. ಈ ಕಾಯಿಲೆಯ ಅತ್ಯಂತ ಹಳೆಯ ವೈದ್ಯಕೀಯ ವಿವರಣೆಗಳಲ್ಲಿ ಒಂದೆಂದು ಅದನ್ನು ಇಂದಿಗೂ ಸ್ಮರಿಸುತ್ತಾರೆ. ಆ ಹಳ್ಳಿಯವರು ಮುಚ್ಚಿಟ್ಟಿದ್ದರೆ ಅವರು ಏನು ಬರೆಯುತ್ತಿದ್ದರು?

ಹಾಗೆಂದು ಡಂಗುರ ಹೊಡೆಯಿರಿ ಎನ್ನುತ್ತಿಲ್ಲ. ಮಗುವಿಗೂ ಮಾನವಿದೆ. ಮೊಹಲ್ಲಾದ ಪ್ರತಿ ಜಗಲಿಯಲ್ಲೂ "ಪಾಪ" ಎನಿಸಿಕೊಳ್ಳುತ್ತ ಬೆಳೆಯಬೇಕಾದ ಹಂಗು ಅದಕ್ಕಿಲ್ಲ. ನಾನು ದಾದಾರಿಗೆ ಹೇಳಿದ್ದು ಇಷ್ಟು: ಯಾರ ಕೈ ಮಗುವಿನ ಮೇಲೆ ಬೀಳಬಹುದೋ ಅವರಿಗೆ ತಿಳಿದಿರಬೇಕು. ಸೂಜಿ ಹಾಕುವವರು, ತಂಡದ ಮುಖಂಡರು, ಕೋಣೆಯಲ್ಲಿ ಜೊತೆಗಿರುವವರಲ್ಲಿ ಒಬ್ಬರು, ವಿಮಾನದ ಸಿಬ್ಬಂದಿ. ಪಾಠ ಹೇಳುವ ಉಸ್ತಾದನಿಗೂ, ಎಂದು ಸೇರಿಸಿದೆ. ಅವರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಮಗು ನಮ್ಮ ಸೊತ್ತಲ್ಲ, ಅಮಾನತ್ತು. ಅಮಾನತ್ತನ್ನು ಇನ್ನೊಬ್ಬರ ಕೈಗೆ ಕೊಡುವಾಗ ಅದು ಬಿರುಕು ಬಿಟ್ಟ ಗಾಜೆಂದು ಹೇಳದಿದ್ದರೆ, ಒಡೆದದ್ದಕ್ಕೆ ಯಾರು ಹೊಣೆ?

ಪ್ರಯಾಣ ಎರಡು ತಿಂಗಳು ಮುಂದಕ್ಕೆ ಹೋಯಿತು. ಹೇಳಲು ಒಪ್ಪಿದ ಮೇಲೆ ಉಳಿದ ಸಿದ್ಧತೆ ತಾನಾಗಿ ಸಾಗಿತು. ಕಾಯಿಲೆಯ ಹೆಸರು, ಅದರ ತೀವ್ರತೆ, ಔಷಧಿಯ ಮೂಲ ಹೆಸರು, ತೂಕಕ್ಕೆ ತಕ್ಕ ಪ್ರಮಾಣ ಇಷ್ಟನ್ನೂ ಬರೆದ ಪತ್ರವನ್ನು ವೈದ್ಯರು ಕೊಟ್ಟರು. ಫ್ಯಾಕ್ಟರ್ ಬಾಟಲಿಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಮಂಜುಗಟ್ಟಲು ಬಿಡಬಾರದು. ಆದ್ದರಿಂದ ಅವು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲೇ ಇರಬೇಕು. ಪೆಟ್ಟಿಗೆ ಕಳೆದುಹೋದರೆ ಬಟ್ಟೆ ಕೊಳ್ಳಬಹುದು, ಫ್ಯಾಕ್ಟರ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಲೆಕ್ಕಕ್ಕಿಂತ ಹೆಚ್ಚೇ ಇಟ್ಟುಕೊಂಡರು. ಸೂಜಿ, ಸಿರಿಂಜುಗಳೂ ಪತ್ರದಲ್ಲಿ ನಮೂದಾದವು. ಮಕ್ಕಾ, ಮದೀನಾಗಳಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲೇ ವಿಚಾರಿಸಿ ಬರೆದಿಟ್ಟುಕೊಂಡರು. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವ ಹೆಚ್ಚಿಸುವುದರಿಂದ ಜೊತೆಯವರಲ್ಲಿ ಯಾರೂ ಪ್ರೀತಿಯಿಂದ ತಮ್ಮ ಗುಳಿಗೆ ಕೊಡದಂತೆ ಎಚ್ಚರಿಸಿದರು. ಈ ಎಚ್ಚರಿಕೆಯನ್ನೂ ಕಾಯಿಲೆ ಹೇಳದೆ ಕೊಡಲಾಗದು!

ಪತ್ರವನ್ನು ಅರಬಿಗೆ ಅನುವಾದಿಸಿದ್ದು ನಾನು. ಮದ್ರಸದಲ್ಲಿ ಅಷ್ಟು ವರ್ಷ ಓದಿದ್ದರೂ ಹಿಮೋಫಿಲಿಯಾಕ್ಕೆ ಅರಬಿಯಲ್ಲಿ 'ನಾಊರ್' ಎನ್ನುತ್ತಾರೆಂದು ಅಂದೇ ಕಲಿತೆ.

ದಾದಿಯ ಮನಸ್ಸು ಮಾತ್ರ ಒಪ್ಪಿರಲಿಲ್ಲ. "ಅಲ್ಲಾಹನ ಮನೆಗೆ ಹೋಗುವಾಗ ಇಷ್ಟೊಂದು ಔಷಧಿಯೇ? ತವಕ್ಕುಲ್ ಎಲ್ಲಿ ಹೋಯಿತು?" ಎಂದರು. ಒಂಟೆ ಕಟ್ಟಿ ಭರವಸೆಯಿಡಬೇಕೆಂಬ ಹದೀಸನ್ನು ಅವರು ನನಗಿಂತ ಹೆಚ್ಚು ಸಲ ಕೇಳಿದ್ದಾರೆ, ಆದ್ದರಿಂದ ಅದನ್ನು ಹೇಳಲಿಲ್ಲ. ಇಬ್ಬರು ಸ್ತ್ರೀಯರ ಪ್ರಸಂಗ ಹೇಳಿದೆ. ಹ. ಉಮ್ಮು ಸಲಮಾ(ರ) ತಾನು ಅಸ್ವಸ್ಥೆಯೆಂದು ಪ್ರವಾದಿವರ್ಯರಲ್ಲಿ(ಸ) ಹೇಳಿಕೊಂಡಾಗ, ಜನರ ಹಿಂದಿನಿಂದ ವಾಹನದ ಮೇಲೆ ಕುಳಿತು ತವಾಫ್ ಮಾಡಲು ಅವರಿಗೆ ಹೇಳಲಾಯಿತು. ಹಜ್ಜ್‌ಗೆ ಹೊರಟ ಹ. ದುಬಾಅ(ರ) ತನ್ನ ಅನಾರೋಗ್ಯ ಹೇಳಿದಾಗ, ಎಲ್ಲಿ ತಡೆಯುಂಟಾಗುವುದೋ ಅಲ್ಲಿಯೇ ಇಹ್ರಾಮಿನಿಂದ ಬಿಡುಗಡೆಯೆಂಬ ಷರತ್ತನ್ನು ಸಂಕಲ್ಪದಲ್ಲೇ ಇಟ್ಟುಕೊಳ್ಳಲು ಅವರಿಗೆ ಕಲಿಸಲಾಯಿತು. (ಈ ಷರತ್ತಿನ ಪರಿಣಾಮದ ಬಗ್ಗೆ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಹನಫೀ ಓದುಗರು ಹೊರಡುವ ಮುನ್ನ ಉಲಮಾರನ್ನು ಕೇಳಿಕೊಳ್ಳಬೇಕು.) ಇಬ್ಬರೂ ಬಾಯಿಬಿಟ್ಟು ಹೇಳಿದ್ದರಿಂದಲೇ ಅವರಿಗೂ ನಮಗೂ ಈ ಸೌಲಭ್ಯ ದೊರೆಯಿತು. ಮುಚ್ಚಿಟ್ಟಿದ್ದರೆ? ದಾದಿ ಉತ್ತರಿಸಲಿಲ್ಲ. ಆದರೆ ಸಫಾ ಮರ್ವಾಗಳ ನಡುವೆ ಏಳು ಸುತ್ತು, ಅಂದರೆ ಸುಮಾರು ಮೂರು ಕಿಲೋಮೀಟರ್, ಆ ಮೊಣಕಾಲುಗಳಲ್ಲಿ ನಡೆಸಬಾರದೆಂದು ಗಾಲಿಕುರ್ಚಿಗೆ ಒಪ್ಪಿದರು. ತಲೆ ಬೋಳಿಸುವ ಬದಲು ಕೂದಲು ಕತ್ತರಿಸಿದರೂ ಸಾಕೆಂದು ಅವರೇ ನೆನಪಿಸಿದರು. ಕ್ಷೌರದ ಕತ್ತಿಯ ಭಯ ನನಗೆ ಹೊಳೆದೇ ಇರಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಾಟಲಿಗಳನ್ನು ಎತ್ತಿ ಹಿಡಿದು, ಇವು ಯಾರವೆಂದು ಸಿಬ್ಬಂದಿ ಕೇಳಿದರಂತೆ. ದೊಡ್ಡವರು ಪತ್ರ ಹುಡುಕುವಷ್ಟರಲ್ಲಿ ಹುಡುಗ, "ನನ್ನವು. ನನಗೆ ಹಿಮೋಫಿಲಿಯಾ" ಎಂದನಂತೆ. ಹಿಂದೆ ಇಡೀ ತಂಡ ನಿಂತಿತ್ತು.

ಇನ್ನು ಅವನ ಅಕ್ಕನ ಮಾತು. ತಾಯಿ ಈ ಕಾಯಿಲೆಯ ವಾಹಕಳಾಗಿದ್ದರೆ ಪ್ರತಿ ಹೆಣ್ಣುಮಗುವೂ ವಾಹಕಳಾಗುವ ಸಾಧ್ಯತೆ ಅರ್ಧದಷ್ಟು. ಹಾಗೆಯೇ, ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಯಾರಿಗೂ ಇದು ಇರುವುದಿಲ್ಲ. "ನಿನ್ನ ತವರಿನಿಂದ ಬಂದದ್ದು" ಎಂದು ಹತ್ತು ವರ್ಷ ಕೇಳಿಸಿಕೊಂಡ ಆ ತಾಯಿಗೆ ಇದನ್ನು ಯಾರೂ ತಿಳಿಸಿರಲಿಲ್ಲ. ತಿಳಿದರೂ ಏನು, ತವರಿನಿಂದ ಬಂದಿದ್ದರೆ ಅದು ಆಕೆಯ ಅಪರಾಧವೇ? ಅಕ್ಕ ತಾನೇ ಮುಂದಾಗಿ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆಂದಳು. ಸಂಬಂಧ ಕೇಳಿದ್ದವರಿಗೆ ವಿಷಯ ತಿಳಿಸಲು ದಾದಾ ತಾವೇ ಹೋದರು. ಅವರು ಚಹಾ ಕೊಟ್ಟರು, ಹುಡುಗನ ಆರೋಗ್ಯ ವಿಚಾರಿಸಿದರು, ದುಆ ಮಾಡಿದರು. ಒಂದು ವಾರದ ಬಳಿಕ ಬೇರೆ ಕಡೆ ನೋಡುವುದಾಗಿ ಹೇಳಿ ಕಳುಹಿಸಿದರು.

ಈಗ ಹರಿಹರದಿಂದ ಇನ್ನೊಂದು ಕಡೆಯವರು ಕೇಳಿದ್ದಾರೆ. ಮಾತು ಮುಂದುವರಿಯುವ ಮೊದಲೇ ಅವರಿಗೂ ಹೇಳಬೇಕೆಂದು ದಾದಾ ನಿರ್ಧರಿಸಿದ್ದಾರೆ. ಬರುವ ಭಾನುವಾರ ಹೋಗುವಾಗ ನನ್ನನ್ನೂ ಜೊತೆಗೆ ಕರೆದಿದ್ದಾರೆ.