ನಿಮ್ಮ ಗಂಗಾಳ, ಅವಳ ಗಂಗಾಳ



ತಪಸ್ಸು ಕಾಲದ ಮೊದಲ ಭಾನುವಾರ ರಾಯಚೂರು ನಗರದಲ್ಲಿ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ನಡುವಯಸ್ಸಿನ ಅಕ್ಕನವರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಫಾದರ್, ತೂಕ ಇಳಸಾಕಂತ ಮೂರು ತಿಂಗಳಾತು, ರಾತ್ರಿ ಊಟ ಬಿಟ್ಟೀನಿ. ಈಗ ಹೆಂಗೂ ತಪಸ್ಸು ಕಾಲ ಬಂದೈತಿ. ಇದನ್ನ ಉಪವಾಸದ ಲೆಕ್ಕಕ್ಕ ಹಿಡೀಬಹುದೇನ್ರಿ?" ಎಂದು ಕೇಳಿದರು. ನನಗೆ ನಗು ಬಂತು, ಅವರಿಗೂ ಬಂತು. ಯೋಚಿಸಿ ಹೇಳುತ್ತೇನೆ ಎಂದು ಹೇಳಿ ಅಂದಿಗೆ ತಪ್ಪಿಸಿಕೊಂಡೆ.

ಅದೇ ವಾರ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಕುಟುಂಬ ಪ್ರಾರ್ಥನೆಗೆಂದು ಹೋಗಿದ್ದೆ. ಆ ಮನೆಯ ಸೊಸೆ ಆರು ತಿಂಗಳ ಬಸುರಿ. ಪ್ರಾರ್ಥನೆ ಮುಗಿದ ಮೇಲೆ ಅವಳೇ ಎಲ್ಲರಿಗೂ ಬಡಿಸಿದಳು. ಗಂಡಸರು ಉಂಡರು, ಮಕ್ಕಳು ಉಂಡವು, ಅತ್ತೆ ಉಂಡರು, ನಾನೂ ಹೊಟ್ಟೆ ತುಂಬ ಉಂಡೆ. ಕೊನೆಗೆ ಒಲೆಯ ಬಳಿ ಕುಳಿತ ಅವಳ ಗಂಗಾಳದಲ್ಲಿ ಇದ್ದದ್ದು ಅರ್ಧ ರೊಟ್ಟಿ, ಒಂದಿಷ್ಟು ಖಾರ. "ಯಾಕವ್ವ, ಇಷ್ಟೇ ಏನು?" ಎಂದೆ. ಉತ್ತರ ಕೊಟ್ಟವರು ಅತ್ತೆ. "ಬಸರ್ಯಾಗ ಭಾಳ ಉಣಬಾರದ್ರಿ ಫಾದರ್. ಕಮ್ಮಿ ಉಂಡ್ರ ಕೂಸು ಸಣ್ಣದಾಗಿ ಹೆರಿಗಿ ಹಗೂರ ಆಗತೈತಿ." ಅದು ಕೆಟ್ಟ ಮನಸ್ಸಿನ ಮಾತಲ್ಲ. ಅವರಿಗೆ ಅವರ ಅತ್ತೆ ಹೇಳಿಕೊಟ್ಟದ್ದು, ಅಷ್ಟೇ.

ಇಬ್ಬರು ಹೆಣ್ಣುಮಕ್ಕಳು. ಇಬ್ಬರಿಗೂ ಸಿಕ್ಕ ಉಪದೇಶ ಒಂದೇ: ಕಡಿಮೆ ಉಣ್ಣು. ನಗರದ ಅಕ್ಕನಿಗೆ ಅದು ಮೊಬೈಲಿನಲ್ಲಿ ಬಂತು, ಹಳ್ಳಿಯ ತಂಗಿಗೆ ಒಲೆಯ ಬಳಿ ಬಂತು. ಒಬ್ಬರಿಗೆ ಅದರಿಂದ ಒಂದಿಷ್ಟು ಒಳ್ಳೆಯದೂ ಆದೀತು. ಇನ್ನೊಬ್ಬಳ ಹೊಟ್ಟೆಯೊಳಗಿನ ಜೀವಕ್ಕೆ ಅದು ಕುತ್ತು.

ಇದು ಎರಡು ಮನೆಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಮಹಿಳೆಯರಲ್ಲಿ ಸುಮಾರು 30 ಮಂದಿಗೆ ತೂಕ ಹೆಚ್ಚು, ಸುಮಾರು 17 ಮಂದಿಗೆ ಇರಬೇಕಾದ್ದಕ್ಕಿಂತ ಕಡಿಮೆ. ಸುಮಾರು 48 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಎಳೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ 2011ರ ಸುಮಾರಿಗೆ ನಾಡನ್ನೇ ತಲೆತಗ್ಗಿಸುವಂತೆ ಮಾಡಿತ್ತು. ವಿಷಯ ಹೈಕೋರ್ಟಿನವರೆಗೆ ಹೋಗಿ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿಯೇ ರಚನೆಯಾಯಿತು. ಉಂಡು ಹೆಚ್ಚಾದವರು, ಉಣ್ಣದೆ ಸೊರಗಿದವರು ಒಂದೇ ಜಿಲ್ಲೆಯಲ್ಲಿದ್ದಾರೆ. ಕೆಲವೊಮ್ಮೆ ಒಂದೇ ಮನೆಯಲ್ಲೂ ಇದ್ದಾರೆ.

ಹೀಗಿರುವಾಗ ಎಲ್ಲರಿಗೂ ಒಂದೇ ಉಪದೇಶ ಹೇಗೆ ಸಲ್ಲುತ್ತದೆ? ಆದರೆ ಇಂದಿನ ಆಹಾರ ಬೋಧಕರು ಒಂದೇ ಮಂತ್ರವನ್ನು ಎಲ್ಲರಿಗೂ ಹೇಳುತ್ತಾರೆ. ಒಬ್ಬರು ಅನ್ನವೇ ವಿಷ ಎನ್ನುತ್ತಾರೆ, ಇನ್ನೊಬ್ಬರು ಹಾಲು ಬಿಡಿ ಎನ್ನುತ್ತಾರೆ. ಹದಿನಾರು ಗಂಟೆ ಬಾಯಿ ಕಟ್ಟಿ ಎನ್ನುವವರು ಒಬ್ಬರಾದರೆ, ರೊಟ್ಟಿ ಅನ್ನ ಎರಡನ್ನೂ ಬಿಟ್ಟು ತುಪ್ಪ ಮಾಂಸ ಮಾತ್ರ ತಿನ್ನಿ ಎನ್ನುವವರು ಮತ್ತೊಬ್ಬರು. ಡಬ್ಬಿಯಲ್ಲಿ ಬರುವ ಪ್ರೊಟೀನ್ ಪುಡಿಯಂತೂ ನಮ್ಮ ಯುವಕರ ಪಾಲಿಗೆ ಹೊಸ ಪ್ರಸಾದವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇಂಥ ಪುಡಿಗಳಿಂದ ದೂರವಿರಿ ಎಂದೇ ಹೇಳಿದೆ. ಧಾನ್ಯದ ಪಾಲು ಕಡಿಮೆ ಮಾಡಿ, ಸೊಪ್ಪು, ತರಕಾರಿ, ಹಣ್ಣು ಗಂಗಾಳದ ಅರ್ಧದಷ್ಟಿರಲಿ, ಬೇಳೆಕಾಳು ಹೆಚ್ಚಿರಲಿ ಎಂಬುದು ಅದರ ಸಾರ. ಇದರಲ್ಲಿ ಚಮತ್ಕಾರವೇನೂ ಇಲ್ಲ. ಬಹುಶಃ ಅದಕ್ಕೇ ಯಾರೂ ಅದನ್ನು ಮೊಬೈಲಿನಲ್ಲಿ ಕಳಿಸುವುದಿಲ್ಲ!

ಮಾನ್ವಿಯ ಕಡೆಯ ಹಿರಿಯರನ್ನು ಕೇಳಿ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಮೊದಲು ಅನ್ನವೆಂದರೆ ಹಬ್ಬದ ಊಟ. ದಿನದ ಊಟ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ ಅನ್ನ. ನೀರು ಬಂತು, ಭತ್ತ ಬಂತು, ಆಮೇಲೆ ಪಡಿತರದ ಅಕ್ಕಿಯೂ ಬಂತು. ಹಸಿವು ಕಂಡಿದ್ದ ಜನರಿಗೆ ಅದು ದೇವರ ಕೊಡುಗೆಯೇ, ಅದನ್ನು ಹಳಿಯಲು ನನಗೆ ಬಾಯಿಲ್ಲ. ಆದರೆ ಅದರೊಂದಿಗೆ ಒಂದು ನಾಚಿಕೆಯೂ ಬಂತು. ಮನೆಗೆ ಸ್ವಾಮಿಗಳು ಬಂದರೆ ರೊಟ್ಟಿಯ ಬುಟ್ಟಿಯನ್ನು ಒಳಗೆ ಸರಿಸಿ ಬಿಳಿ ಅನ್ನ ಬಡಿಸುವ ಮನೆಗಳನ್ನು ನಾನೇ ಕಂಡಿದ್ದೇನೆ. ಅತ್ತ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಪೇಟೆಯಲ್ಲಿ ನವಣೆಯ ಬೆಲೆ ಅಕ್ಕಿಯನ್ನು ಮೀರಿತು. ಬಡವರು ನಾಚಿ ಬಿಟ್ಟ ಕಾಳನ್ನು ಸಿರಿವಂತರು ಔಷಧಿಯೆಂದು ಕೊಳ್ಳುತ್ತಿದ್ದಾರೆ.

ಪ್ರಭು ಯೇಸು ಐದು ಸಾವಿರ ಮಂದಿಗೆ ಉಣಬಡಿಸಿದ್ದು ಯಾವ ರೊಟ್ಟಿಯಿಂದ? ನಾಲ್ಕು ಶುಭಸಂದೇಶಗಳಲ್ಲಿ ಸಂತ ಯೊವಾನ್ನರು ಮಾತ್ರ ಅದನ್ನು ಹೇಳುತ್ತಾರೆ. ಆ ಹುಡುಗನ ಬುತ್ತಿಯಲ್ಲಿದ್ದದ್ದು ಜವೆಗೋಧಿಯ ರೊಟ್ಟಿ. ಆ ನಾಡಿನಲ್ಲಿ ಅದು ಬಡವರ ರೊಟ್ಟಿ, ಉಳ್ಳವರದ್ದು ಗೋಧಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಜೋಳದ ರೊಟ್ಟಿ ಎನ್ನೋಣ. ಪ್ರಭು ಅದನ್ನು ಕೈಗೆತ್ತಿಕೊಂಡು ಸ್ತೋತ್ರ ಸಲ್ಲಿಸಿದರು. ಅದನ್ನು ಬುಟ್ಟಿಯಲ್ಲಿ ಬಚ್ಚಿಡುವ ಕಾರಣ ನಮಗೇನಿದೆ?

ಹಾಗೆಂದು ಜೋಳವನ್ನೇ ರಕ್ಷಕನನ್ನಾಗಿ ಮಾಡುವುದೂ ಬೇಡ. ನಮ್ಮ ದಖನ್ ಸೀಮೆಯಲ್ಲೇ ಹಿಂದೆ ಬಿಸಿಲಿಗೆ ಬೀಳುವ ಚರ್ಮ ಕಪ್ಪಾಗಿ ಸುಲಿಯುವ, ಭೇದಿಯಾಗುವ, ಬುದ್ಧಿ ಕಲಕುವ ಪೆಲ್ಲಾಗ್ರ ಎಂಬ ಕಾಯಿಲೆಯಿತ್ತು. ಹೈದರಾಬಾದಿನ ಅದೇ ಸಂಸ್ಥೆಯ ಡಾ. ಸಿ. ಗೋಪಾಲನ್ ಅವರು 1960ರ ಸುಮಾರಿಗೆ ಅದನ್ನು ಅಭ್ಯಾಸ ಮಾಡಿದರು. ಆ ಕಾಯಿಲೆ ಕಾಣಿಸಿಕೊಂಡದ್ದು ಬೇಳೆ ಹಾಲು ಕಾಣದೆ ಜೋಳವೊಂದನ್ನೇ ನೆಚ್ಚಿದ ಬಡವರಲ್ಲಿ. ಜೋಳದಲ್ಲಿ ಕೊರತೆಯಾದದ್ದು ಬೇಳೆಯಲ್ಲಿದೆ, ಬೇಳೆಯಲ್ಲಿ ಕೊರತೆಯಾದದ್ದು ಜೋಳದಲ್ಲಿದೆ. ನಮ್ಮ ಅಜ್ಜಿಯರು ರೊಟ್ಟಿಯ ಜೊತೆಗೆ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು ಇಟ್ಟದ್ದು ಸುಮ್ಮನೆ ಅಲ್ಲ. ರೊಟ್ಟಿ ಮತ್ತು ಬರೀ ಖಾರ ಎಂಬುದು ಅಜ್ಜಿಯರ ಊಟವಲ್ಲ, ಅದು ಬಡತನದ ಊಟ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಜೋಳ, ನವಣೆಯಲ್ಲಿ ನಾರು ಹೆಚ್ಚು, ಒಳ್ಳೆಯದೇ. ಆದರೆ ನವಣೆ ಉಣ್ಣುತ್ತಿದ್ದೇನೆ ಎಂದು ಯಾರ ಮಾತನ್ನೋ ಕೇಳಿ ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ. ನಾನು ವೈದ್ಯನಲ್ಲ. ನಿಮಗೆ ಮೊಬೈಲಿನಲ್ಲಿ ಹೇಳುವವರಲ್ಲೂ ಬಹಳ ಮಂದಿ ವೈದ್ಯರಲ್ಲ.

ಪವಿತ್ರ ಗ್ರಂಥದಲ್ಲೂ ಪಥ್ಯವಿದೆಯಲ್ಲ ಎಂದು ಕೆಲವರು ದಾನಿಯೇಲನನ್ನು ತೋರಿಸುತ್ತಾರೆ. ಹೌದು, ಬಾಬಿಲೋನಿನ ಅರಮನೆಯಲ್ಲಿ ಆ ನಾಲ್ವರು ಯುವಕರು ಹತ್ತು ದಿನ ಕಾಯಿಪಲ್ಯ ಮತ್ತು ನೀರಿನಲ್ಲೇ ಇದ್ದರು. ಆದರೆ ಕಥೆಯನ್ನು ಕೊನೆಯವರೆಗೆ ಓದಿ. ಹತ್ತು ದಿನಗಳ ಮೇಲೆ ಅವರು ರಾಜನ ಭಕ್ಷ್ಯ ತಿಂದವರಿಗಿಂತ ಮೈತುಂಬಿಕೊಂಡು ಕಂಡರು! ತೂಕ ಇಳಿಸುವುದು ಅವರ ಉದ್ದೇಶವೇ ಆಗಿರಲಿಲ್ಲ. ಪರರಾಜನ ಊಟಕ್ಕೆ ತಮ್ಮ ಮನಸ್ಸಾಕ್ಷಿಯನ್ನು ಮಾರಬಾರದು ಎಂಬುದಷ್ಟೇ ಅವರ ಹಟ. ಇನ್ನು ಪ್ರವಾದಿ ಎಲೀಯ ಸೋತು, ಸಾವನ್ನು ಬೇಡಿ ಮರದಡಿ ಮಲಗಿದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಇಟ್ಟು, ಎಬ್ಬಿಸಿ, ಉಣ್ಣು ಎಂದ. ಒಮ್ಮೆಯಲ್ಲ, ಎರಡು ಸಲ. ಮುಂದಿನ ದಾರಿ ದೂರವಿತ್ತು. ಯಾಯೀರನ ಮಗಳನ್ನು ಬದುಕಿಸಿದ ಮೇಲೆ ಪ್ರಭು ಹೇಳಿದ್ದೇನು? ಹುಡುಗಿಗೆ ಏನಾದರೂ ತಿನ್ನಲು ಕೊಡಿ ಎಂದು. ಅಷ್ಟು ದೊಡ್ಡ ಅದ್ಭುತದ ನಡುವೆ ಆ ಮಗುವಿನ ಹಸಿವು ಅವರ ನೆನಪಿನಲ್ಲಿತ್ತು.

ಬಸುರಿಯ ದಾರಿಯೂ ದೂರದ್ದೇ. ಒಂಬತ್ತು ತಿಂಗಳಲ್ಲಿ ಆಕೆಯ ತೂಕ ಹತ್ತರಿಂದ ಹನ್ನೆರಡು ಕಿಲೋದಷ್ಟು ಏರಬೇಕು ಎನ್ನುತ್ತಾರೆ ವೈದ್ಯರು. ಕಡಿಮೆ ಉಂಡರೆ ಹೆರಿಗೆ ಹಗುರವಾಗುವುದಿಲ್ಲ. ಕೂಸು ತೂಕವಿಲ್ಲದೆ ಹುಟ್ಟಿ ಬೇಗ ಕಾಯಿಲೆಗೆ ಬೀಳುತ್ತದೆ. ರಕ್ತವಿಲ್ಲದ ತಾಯಿ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಳಲಾರಳು. ಆಸ್ಪತ್ರೆಯಿಂದ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು, ಕೂಸು ಕಪ್ಪಾಗುತ್ತದೆ ಎಂದು ಹೆದರಿ ಗೂಡಿನಲ್ಲಿಡುವ ಮನೆಗಳಿವೆ. ಕಪ್ಪಾಗುವುದು ಮಲ ಮಾತ್ರ, ಕೂಸಲ್ಲ. ಉಂಡ ಕೂಡಲೇ ಚಹಾ ಕುಡಿಯುವ ನಮ್ಮ ರೂಢಿಯೂ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ತಾಸು ತಡೆದು ಕುಡಿಯಿರಿ. ಪಲ್ಯಕ್ಕೆ ಒಂದಿಷ್ಟು ಲಿಂಬೆ ಹಿಂಡಿಕೊಳ್ಳಿ.

2017ರಲ್ಲಿ ಸರ್ಕಾರ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ತಂದಾಗ ಮೊದಲು ಪ್ರಯೋಗಕ್ಕೆ ಆರಿಸಿದ ತಾಲ್ಲೂಕುಗಳಲ್ಲಿ ನಮ್ಮ ಮಾನ್ವಿಯೂ ಒಂದು. ಅದೇ ವರ್ಷ ಅಕ್ಟೋಬರ್ 2ರಂದು ಅದು ರಾಜ್ಯಕ್ಕೆಲ್ಲ ಬಂತು. ಅನ್ನ ಬಂತು, ಮೊಟ್ಟೆ ಬಂತು, ಹಾಲು ಬಂತು. ಆದರೆ ಸೊಸೆ ಊರವರ ಮುಂದೆ ಗಂಗಾಳ ಹಿಡಿದು ಕೂರುವುದೇ ಎಂಬ ಮಾತೂ ಬಂತು. 2021ರ ಕೊನೆಯಲ್ಲಿ ರಾಯಚೂರೂ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಎಷ್ಟೊಂದು ಗದ್ದಲವಾಯಿತು, ನೆನಪಿದೆಯೇ? ತಿನ್ನುವ ಮಕ್ಕಳನ್ನು ಕೇಳಿದವರು ಕಡಿಮೆ. ಬಾಯೊಳಗೆ ಹೋಗುವುದು ಮನುಷ್ಯನನ್ನು ಮಲಿನ ಮಾಡುವುದಿಲ್ಲ ಎಂದು ಕಲಿಸಿದ ಪ್ರಭುವಿನ ಶಿಷ್ಯರು ನಾವು. ಕೊನೆಯ ಪಕ್ಷ ನಮ್ಮ ಮನೆಗಳ ಸೊಸೆಯಂದಿರನ್ನು ಅಂಗನವಾಡಿಗೆ ಹೋಗಗೊಡೋಣ.

ಕೊರಿಂಥದ ಸಭೆಗೆ ಸಂತ ಪೌಲರು ಕಟುವಾಗಿ ಬರೆದದ್ದು ಯಾವ ತಪ್ಪಿಗೆ? ಪ್ರಭುವಿನ ಭೋಜನಕ್ಕೆಂದು ಕೂಡಿ ಬಂದಾಗ ಉಳ್ಳವರು ಮೊದಲೇ ಉಂಡು ಕುಡಿದು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಒಬ್ಬರಿಗೊಬ್ಬರು ಕಾಯಿರಿ ಎಂಬುದು ಪೌಲರ ಆಜ್ಞೆ. ನಾವು ಪರಮಪ್ರಸಾದಕ್ಕೆ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಮನೆಗೆ ಹೋದ ಮೇಲೆ ಅದೇ ಸಾಲಿನಲ್ಲಿ ನಿಂತಿದ್ದವಳನ್ನು ಕೊನೆಗೆ ಕೂರಿಸುತ್ತೇವೆ. ಕೊನೆಗೆ ಉಣ್ಣುವವಳಿಗೆ ಪಲ್ಯ ಮುಗಿದಿರುತ್ತದೆ, ಮೊಟ್ಟೆ ಮುಗಿದಿರುತ್ತದೆ. ರಕ್ತಹೀನತೆ ಎಲ್ಲಿಂದ ಬಂತೆಂದು ಆಮೇಲೆ ಆಸ್ಪತ್ರೆಯಲ್ಲಿ ಕೇಳುತ್ತೇವೆ!

ಈಗ ಆ ಅಕ್ಕನವರ ಪ್ರಶ್ನೆಗೆ ಬರೋಣ. ಧರ್ಮಸಭೆ ಕಡ್ಡಾಯ ಉಪವಾಸವನ್ನು ವಿಧಿಸಿರುವುದು ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ ಮಾತ್ರ. ಬಸುರಿ, ಬಾಣಂತಿ, ಕಾಯಿಲೆಯವರು ಅದಕ್ಕೆ ಒಳಪಟ್ಟವರಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಶುಭ ಶುಕ್ರವಾರ ನೀರೂ ಮುಟ್ಟದೆ ಶಿಲುಬೆಯ ಹಾದಿಯಲ್ಲಿ ಕುಸಿದು ಬೀಳುವ ಅಜ್ಜಿಯರು ದಯವಿಟ್ಟು ಇದನ್ನು ಎರಡು ಸಲ ಓದಲಿ. ತೂಕ ಇಳಿಸಬೇಕಾದವರು ಇಳಿಸಲಿ, ದೇಹ ಪವಿತ್ರಾತ್ಮರ ಆಲಯ, ಅದರ ಕಾಳಜಿ ತಪ್ಪಲ್ಲ. ಆದರೆ ಪ್ರವಾದಿ ಯೆಶಾಯನ ಬಾಯಿಂದ ದೇವರು ಮೆಚ್ಚಿದ ಉಪವಾಸದಲ್ಲಿ ಹಸಿದವನೊಬ್ಬನಿದ್ದಾನೆ, ಅವನ ಜೊತೆ ಹಂಚಿಕೊಂಡ ರೊಟ್ಟಿಯಿದೆ. ನಾನು ಬಿಟ್ಟ ಊಟ ಯಾರ ಹೊಟ್ಟೆಗೆ ಹೋಯಿತು ಎಂಬ ಪ್ರಶ್ನೆ ತಕ್ಕಡಿಗೆ ಇಲ್ಲ, ಉಪವಾಸಕ್ಕೆ ಇದೆ.

ಮೂರನೆಯ ಭಾನುವಾರ ಆ ಅಕ್ಕನವರಿಗೆ ಇಷ್ಟನ್ನು ಹೇಳಿ, ದೇವದುರ್ಗದ ತಂಗಿಯ ಅರ್ಧ ರೊಟ್ಟಿಯ ವಿಷಯವನ್ನೂ ಹೇಳಿದೆ. ಈ ಸಲ ಅವರು ನಗಲಿಲ್ಲ. "ಈಗ ಎಷ್ಟು ತಿಂಗಳ್ರಿ ಆಕಿಗೆ?" ಎಂದರು. ಏಳಕ್ಕೆ ಬಿದ್ದಿದೆ ಎಂದೆ. "ಕುಬಸ ಮಾಡ್ಯಾರೇನ್ರಿ?" ಎಂದರು. ಇಲ್ಲ, ಗಂಡ ಕೂಲಿಗೆ ಬೆಂಗಳೂರಿಗೆ ಹೋಗಿದ್ದಾನೆ ಎಂದೆ. ಅಕ್ಕನವರು ಕೈಚೀಲವನ್ನು ಹೆಗಲಿಗೇರಿಸಿಕೊಂಡು, "ಮುಂದಿನ ಗುರುವಾರ ನಾವು ನಾಕು ಮಂದಿ ಬುತ್ತಿ ಕಟಗೊಂಡು ಹೊಕ್ಕೀವಿ. ಅತ್ತೀನೂ ಕೂಡಿಸ್ಕೊಂಡೇ ಉಣ್ಣೋಣು. ನೀವು ದಾರಿ ತೋರಸ್ರಿ" ಎಂದರು.